ದನಗಳ ಮೇವಿನಲ್ಲಿ ಯೂರಿಯಾ: ಬಾನಿಗೋ ಬಣವೆಗೋ?

ಹಿಂಡಿಯ ಬೆಲೆ ಏರಿದಾಗಲೆಲ್ಲ, ಕರೆಯುವ ರಾಸುಗಳನ್ನು ಸಾಕುವವರು ಅಗ್ಗವಾದ ಬೇರೊಂದು ಮಾರ್ಗವನ್ನು ಅರಸುವುದು ಸಹಜವಾದದ್ದು. ಹೊಲಕ್ಕೆ ಎರಚುವ ಯೂರಿಯಾವನ್ನೇ ಮೇವಿಗೆ ಸೇರಿಸಿ ಹಿಂಡಿಯ ಖರ್ಚನ್ನು ಉಳಿಸಬಹುದೆಂಬ ಮಾತು ಆಗ ಊರೂರಲ್ಲಿಯೂ ಎದ್ದು ಬರುವುದು. ಇದನ್ನು ಕೇಳಿದ ಕೆಲವರು, ದನಕ್ಕೆ ವಿಷವನ್ನಿಡುವುದುಂಟೇ ಎಂದು ಕಿವಿ ಮುಚ್ಚಿಕೊಳ್ಳುವರು. ಮತ್ತೆ ಕೆಲವರು, ಯಾರೋ ಹೇಳಿದರೆಂದು, ತಕ್ಕಡಿಯನ್ನು ಮುಟ್ಟದೆ ಕೈಯಳತೆಯಿಂದಲೇ ಬೂಸದೊಡನೆ ಕಲಸಿ ಬಾನಿಗೆ ಹಾಕುವರು. ಸರ್ಕೀಟಿನ ಕಾಲದಲ್ಲಿ ಈ ಎರಡು ಬಗೆಯವರೂ ನನಗೆ ಕಾಣಸಿಗುವರು. ಮೊದಲನೆಯವರಿಗೆ ಲಾಭ ತಪ್ಪುವುದು, ಎರಡನೆಯವರಿಗೆ ರಾಸೇ ತಪ್ಪುವುದು. ಊರಿನ ಯಜಮಾನರೂ ಜಮೀನ್ದಾರರೂ ಮಾಡಿದ್ದನ್ನೇ ಚಿಕ್ಕ ಒಕ್ಕಲುಗಳು ನೋಡಿ ಅನುಸರಿಸುವ ಕಾರಣ, ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅವರ ಮುಂದಿಡುವುದು ಯುಕ್ತವೆಂದು ತೋರಿದೆ.

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ರಚನೆಯನ್ನು ತಿಳಿಯದೆ ಈ ಪ್ರಶ್ನೆಯನ್ನು ಬಗೆಹರಿಸಲಾಗದು. ದನ, ಎಮ್ಮೆ, ಕುರಿ, ಮೇಕೆಗಳ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿರುವುವು. ಇವುಗಳಲ್ಲಿ ಮೊದಲನೆಯದು ಅತಿ ದೊಡ್ಡದು. ಅದೊಂದು ಹುದುಗಿನ ಹರವಿಯೆಂದರೆ ಸಲ್ಲುವುದು. ಅಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ವಾಸಮಾಡುತ್ತ, ನಮಗೆ ಜೀರ್ಣವಾಗದ ಹುಲ್ಲಿನ ನಾರನ್ನು ಒಡೆದು ದನಕ್ಕೆ ಆಹಾರವಾಗಿ ಮಾರ್ಪಡಿಸುವುವು. ಈ ಜೀವಿಗಳು ಬೆಳೆಯುವುದಕ್ಕೆ ಸಾರಜನಕ ಬೇಕು. ಯೂರಿಯಾ ಹೊಟ್ಟೆಯನ್ನು ಸೇರಿದೊಡನೆ ಅಮೋನಿಯಾ ಆಗಿ ಒಡೆಯುವುದು. ಸೂಕ್ಷ್ಮಜೀವಿಗಳು ಆ ಅಮೋನಿಯಾದಿಂದ ತಮ್ಮ ಶರೀರದ ಸಸಾರಜನಕವನ್ನು ಕಟ್ಟಿಕೊಳ್ಳುವುವು. ಬಳಿಕ ಅವೇ ಮುಂದಿನ ಭಾಗಗಳಿಗೆ ಹರಿದು ಹೋಗಿ ದನಕ್ಕೆ ಆಹಾರವಾಗುವುವು. ಹಂದಿ, ಕೋಳಿ, ಕುದುರೆಗಳಲ್ಲಿ ಈ ಏರ್ಪಾಡಿಲ್ಲದ್ದರಿಂದ ಅವುಗಳಿಗೆ ಯೂರಿಯಾದಿಂದ ಪ್ರಯೋಜನವಿಲ್ಲ. ಎಳೆಗರುಗಳಿಗೂ ಈ ಹೊಟ್ಟೆ ಇನ್ನೂ ಬಲಿತಿರುವುದಿಲ್ಲವಾಗಿ, ಆರು ತಿಂಗಳು ತುಂಬದ ಕರುವಿಗೆ ಇದನ್ನು ಸರ್ವಥಾ ಕೊಡತಕ್ಕದ್ದಲ್ಲ.

ಇದು ಊಹೆಯ ಮಾತಲ್ಲ. ಅಮೆರಿಕ ದೇಶದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1930ರ ದಶಕದ ಕೊನೆಯಲ್ಲಿಯೇ ವಿದ್ವಾಂಸರು ಇದನ್ನು ಕರುಗಳ ಮೇಲೆ ಪ್ರಯೋಗಮಾಡಿ ತೋರಿಸಿದರು. ಹಸಿರು ಮೇವನ್ನು ಕೆಡದಂತೆ ಕಾಪಾಡುವ ವಿಧಾನಕ್ಕಾಗಿ 1945ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಫಿನ್ಲೆಂಡಿನ ವಿರ್ಟನೆನ್ ಎಂಬ ರಸಾಯನಶಾಸ್ತ್ರಜ್ಞರು, 1960ರ ದಶಕದಲ್ಲಿ ಹಸುಗಳಿಗೆ ಸಸಾರಜನಕವೇ ಇಲ್ಲದ ಆಹಾರವನ್ನಿಟ್ಟು, ಸಾರಜನಕಕ್ಕೆ ಯೂರಿಯಾ ಮತ್ತು ಅಮೋನಿಯಾ ಲವಣಗಳನ್ನು ಮಾತ್ರ ಕೊಟ್ಟು, ಅವು ಹಾಲು ಕರೆಯುವುದನ್ನು ಲೋಕಕ್ಕೆ ತೋರಿಸಿದರು. ಆದರೆ ಆ ಹಸುಗಳಿಗೆ ಪಿಷ್ಟ, ಸಕ್ಕರೆ, ಲವಣಗಳೆಲ್ಲವನ್ನೂ ತೂಗಿ ತೂಗಿ ಇಡುತ್ತಿದ್ದರೆಂಬುದನ್ನು ನಾವು ಮರೆಯಕೂಡದು.

ಈಗ ಲೆಕ್ಕಕ್ಕೆ ಬರೋಣ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಪರೀಕ್ಷಾಲಯಗಳಲ್ಲಿ ಮೇವಿನ ಸಾರಜನಕವನ್ನು ಅಳೆದು, ಅದನ್ನು 6.25ರಿಂದ ಗುಣಿಸಿ ಸಸಾರಜನಕವೆಂದು ಬರೆಯುವುದು ವಾಡಿಕೆ. ಆ ಮೇರೆಗೆ ಒಂದು ಕಿಲೋ ಯೂರಿಯಾ ಸುಮಾರು 2.87 ಕಿಲೋ ಸಸಾರಜನಕಕ್ಕೆ, ಎಂದರೆ ಆರೇಳು ಕಿಲೋ ಕಡಲೆಕಾಯಿ ಹಿಂಡಿಯಲ್ಲಿರುವ ಸಸಾರಜನಕಕ್ಕೆ ಸಮನಾಗುವುದು. ಈ ಒಂದು ಲೆಕ್ಕವೇ ಎಷ್ಟೋ ಮಂದಿಯನ್ನು ಮರುಳು ಮಾಡಿದೆ. ಹಿಂಡಿಯಲ್ಲಿ ಶಕ್ತಿಯುಂಟು, ಎಣ್ಣೆಯ ಅಂಶವುಂಟು, ರಂಜಕವುಂಟು. ಯೂರಿಯಾದಲ್ಲಿ ಇವೊಂದೂ ಇಲ್ಲ. ಅದಲ್ಲದೆ, ಸೂಕ್ಷ್ಮಜೀವಿಗಳು ಅಮೋನಿಯಾವನ್ನು ಬಳಸಿಕೊಳ್ಳಬೇಕಾದರೆ ಅದೇ ಹೊತ್ತಿನಲ್ಲಿ ಬೆಲ್ಲ, ಕಾಕಂಬಿ, ಧಾನ್ಯದ ನುಚ್ಚು ಮುಂತಾದ ಬೇಗನೆ ಕರಗುವ ಆಹಾರವೂ ಅವಕ್ಕೆ ದೊರೆಯಬೇಕು. ಇಲ್ಲವಾದರೆ ಅಮೋನಿಯಾ ರಕ್ತಕ್ಕೆ ಇಳಿಯುವುದು. ಪಿತ್ತಜನಕಾಂಗವು ಅದನ್ನು ಪುನಃ ಯೂರಿಯಾ ಮಾಡಿ ಗಂಜಲದಲ್ಲಿ ಹೊರಕ್ಕೆ ಕಳುಹಿಸುವುದು. ರೈತನು ಕೊಟ್ಟ ಕಾಸು ಕೊಟ್ಟಿಗೆಯ ಮೋರಿಗೆ ಹರಿಯಿತೆಂದು ತಿಳಿಯಬೇಕು. ಅಮೋನಿಯಾ ಪಿತ್ತಜನಕಾಂಗದ ಶಕ್ತಿಯನ್ನು ಮೀರಿದರಂತೂ ರಾಸು ಉಳಿಯುವುದೇ ಕಷ್ಟ.

ಅಭ್ಯಾಸವಿಲ್ಲದ, ಅದರಲ್ಲಿಯೂ ಹಸಿದ ರಾಸಿಗೆ, ಮೈತೂಕದ ಪ್ರತಿ 100 ಕಿಲೋಗೆ 30ರಿಂದ 50 ಗ್ರಾಂ ಯೂರಿಯಾ ಒಂದೇ ಸಲ ಹೊಟ್ಟೆಗೆ ಹೋದರೆ ವಿಷ ಏರಬಹುದು. 300 ಕಿಲೋ ತೂಗುವ ನಾಟಿ ಹಸುವಿಗೆ ಇದು ಎರಡು ಮೂರು ಹಿಡಿಗಿಂತ ಹೆಚ್ಚಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗಾಗಿ ಜೊಲ್ಲು ಸುರಿಯುವುದು, ಹೊಟ್ಟೆ ಉಬ್ಬುವುದು, ಮೈ ನಡುಗುವುದು, ಕಾಲು ತೊಡರುವುದು. ಬಳಿಕ ರಾಸು ಬಿದ್ದು ಒದ್ದಾಡುವುದು. ಪಶುವೈದ್ಯರು ಬರುವವರೆಗೆ, ನುಂಗುವ ಶಕ್ತಿಯಿರುವ ರಾಸಿಗೆ ಮಾತ್ರ, ವಿನಿಗರನ್ನು ಸಮನಾದ ತಣ್ಣೀರಿನೊಡನೆ ಬೆರೆಸಿ ಮೆಲ್ಲಗೆ ಕುಡಿಸಬಹುದು. ದೊಡ್ಡ ರಾಸಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದಷ್ಟು ವಿನಿಗರು ಬೇಕಾಗುವುದು. ಎಷ್ಟು ಮನೆಗಳಲ್ಲಿ ಅಷ್ಟು ವಿನಿಗರು ಇರುವುದು? ಆದ ಕಾರಣ ಚಿಕಿತ್ಸೆಯನ್ನು ನಂಬಿ ಸಾಹಸ ಮಾಡತಕ್ಕದ್ದಲ್ಲ.

ದಾಣಿಯಲ್ಲಿ ಯೂರಿಯಾ ಬೆರೆಸುವುದಕ್ಕೆ ಮಿತಿಗಳನ್ನು ವಿದ್ವಾಂಸರು ಗೊತ್ತುಮಾಡಿದ್ದಾರೆ: ದಿನದ ಒಟ್ಟು ಒಣ ಆಹಾರದಲ್ಲಿ ನೂರಕ್ಕೆ ಒಂದು ಭಾಗವನ್ನು ಮೀರಕೂಡದು, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು, ನಡುವೆ ಕೆಲವು ದಿನ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು, ಹಸಿ ಸೋಯಾ ಅವರೆಯೊಡನೆ ಸೇರಿಸಕೂಡದು, ಏಕೆಂದರೆ ಅದರಲ್ಲಿರುವ ಕಿಣ್ವವು ಯೂರಿಯಾವನ್ನು ಬೇಗನೆ ಒಡೆಯುವುದು. ಯಂತ್ರದಿಂದ ಸಮನಾಗಿ ಬೆರೆಸುವ ಕಾರ್ಖಾನೆಯಲ್ಲಿ ಈ ನಿಯಮಗಳನ್ನು ಪಾಲಿಸಬಹುದು. ಮುಂಜಾನೆ ಕತ್ತಲಲ್ಲಿ, ಒಂದು ದಿನ ಮನೆಯೊಡತಿ, ಮತ್ತೊಂದು ದಿನ ಮಗ, ಮೂರನೆಯ ದಿನ ಆಳು ಹೀಗೆ ಬಾನಿಗೆ ಕೈ ಹಾಕುವ ನಮ್ಮ ಕೊಟ್ಟಿಗೆಗಳಲ್ಲಿ ಇವು ನಡೆಯತಕ್ಕವಲ್ಲ. ಆದ್ದರಿಂದ ಮನೆಯಲ್ಲಿ ದಾಣಿಗೆ ಯೂರಿಯಾ ಬೆರೆಸುವುದನ್ನು ನಾನು ಸರ್ವಥಾ ಒಪ್ಪುವುದಿಲ್ಲ. ಹಿಂಡಿ ಬೂಸಗಳನ್ನು ಚೆನ್ನಾಗಿ ತಿನ್ನುವ ಹೆಚ್ಚು ಹಾಲಿನ ಮಿಶ್ರತಳಿಯ ಹಸುವಿಗಂತೂ ಇದರಿಂದ ಲಾಭವೂ ಅಲ್ಪವೇ. ಅದರ ಹೊಟ್ಟೆಯಲ್ಲಿ ಆಗಲೇ ಸಾಕಷ್ಟು ಅಮೋನಿಯಾ ಇರುವುದು.

ಹಾಗಾದರೆ ಲಾಭವೆಲ್ಲಿ? ಹುಲ್ಲಿನ ಬಣವೆಯಲ್ಲಿ. ಭತ್ತದ ಹುಲ್ಲಿನಲ್ಲಿ ಸಸಾರಜನಕ ನೂರಕ್ಕೆ ಮೂರು ನಾಲ್ಕು ಭಾಗಕ್ಕಿಂತ ಹೆಚ್ಚಿಲ್ಲ; ನಾರು ಬಿರುಸು, ಮರಳಿನಂಥ ಸಿಲಿಕಾ ಬೇರೆ. ಇಂಥ ಒಣಹುಲ್ಲೊಂದನ್ನೇ ತಿಂದು ಬೇಸಗೆಯನ್ನು ಕಳೆಯುವ ರಾಸುಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಸಾರಜನಕವಿಲ್ಲದೆ ಸೊರಗಿರುವುವು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಮೂರು ವಾರ ಬಿಡಬೇಕು. ಒಳಗೆ ಹುಟ್ಟುವ ಅಮೋನಿಯಾ ನಾರನ್ನು ಸಡಿಲಿಸುವುದು. ಹುಲ್ಲು ಮೆದುವಾಗಿ ಹಳದಿಗಂದು ಬಣ್ಣಕ್ಕೆ ತಿರುಗುವುದು. ಸಸಾರಜನಕದ ಪ್ರಮಾಣ ಸುಮಾರು ಇಮ್ಮಡಿಯಾಗುವುದು. ರಾಸು ಹೆಚ್ಚು ತಿನ್ನುವುದು, ತಿಂದದ್ದು ಹೆಚ್ಚು ಜೀರ್ಣವಾಗುವುದು. ದಿನದಿನಕ್ಕೆ ಬೇಕಾದಷ್ಟನ್ನೇ ತೆಗೆದು, ಘಾಟು ಹೋಗುವಂತೆ ಒಂದೆರಡು ಗಂಟೆ ಗಾಳಿಗೆ ಹರಡಿ, ಮೊದಲ ವಾರ ಸಾದಾ ಹುಲ್ಲಿನೊಡನೆ ಬೆರೆಸಿ ಹಾಕತಕ್ಕದ್ದು. ಯೂರಿಯಾದ ಒಂದಂಶ ಗಾಳಿಗೆ ಹೋಗಿ, ಉಳಿದದ್ದು ಹುಲ್ಲಿಗೆ ಅಂಟಿಕೊಂಡು ದಿನವೆಲ್ಲ ಮೆಲ್ಲಮೆಲ್ಲಗೆ ಹೊಟ್ಟೆ ಸೇರುವುದರಿಂದ ಇಲ್ಲಿ ಅಪಾಯ ಕಡಿಮೆ. ಅಪಾಯವಿರುವುದು ಕರಗಿಸಿದ ತೊಟ್ಟಿಯಲ್ಲಿ! ಬಾಯಾರಿದ ಎಮ್ಮೆ ಬಂದು ಉಳಿದ ನೀರಿಗೆ ಬಾಯಿಟ್ಟರೆ ಮುಗಿಯಿತು. ಕೆಲಸ ತೀರಿದ ಕೂಡಲೆ ತೊಟ್ಟಿಯನ್ನು ತೊಳೆದು ಬೋರಲು ಹಾಕುವವರೆಗೆ ಯಾರಾದರೊಬ್ಬರು ಅಲ್ಲಿಯೇ ನಿಂತಿರಬೇಕು.

ಎಲ್ಲ ಸೀಮೆಗಳಿಗೂ ಇದು ಒಂದೇ ಸಮನಾಗಿ ಒಪ್ಪತಕ್ಕದ್ದೆಂದು ನಾನು ಹೇಳುವುದಿಲ್ಲ. ಕೋಲಾರ, ತುಮಕೂರು ಕಡೆಯ ರಾಗಿಹುಲ್ಲು ಸ್ವಭಾವತಃ ಮೃದು; ಅದಕ್ಕೆ ಈ ಶ್ರಮ ಅಷ್ಟಾಗಿ ಸಾರ್ಥಕವಲ್ಲ. ಹಸಿರು ಮೇವು ಬೆಳೆಯಲು ನೀರಿರುವವರು ಅಲಸಂದೆ, ಕುದುರೆಮಸಾಲೆ ಸೊಪ್ಪುಗಳನ್ನು ಬೆಳೆದುಕೊಳ್ಳುವುದೇ ಮೇಲು. ಮಂಡ್ಯ, ದಾವಣಗೆರೆ, ಗಂಗಾವತಿಗಳ ಅಚ್ಚುಕಟ್ಟಿನಲ್ಲಿ ಭತ್ತದ ಹುಲ್ಲು ರಾಶಿರಾಶಿಯಾಗಿ ಬೀಳುವುದಷ್ಟೆ. ಅಲ್ಲಿ ಕೆಲವರು ಅದನ್ನು ಗದ್ದೆಯಲ್ಲಿಯೇ ಸುಡುವುದನ್ನು ಕಂಡಾಗ, ಅತ್ತ ಹಿಂಡಿಗೆ ಸಾಲ ಮಾಡುವವರ ನೆನಪಾಗಿ ಮನಸ್ಸಿಗೆ ಕಷ್ಟವಾಗುವುದು. 1980ರ ದಶಕದಿಂದ ಈ ವಿಧಾನವನ್ನು ನಮ್ಮ ದೇಶದಲ್ಲಿ ಬೋಧಿಸುತ್ತ ಬಂದರೂ ಅದು ಹರಡದಿರಲು ಕಾರಣ ರೈತನ ಮೌಢ್ಯವೆಂದು ಕೆಲವರು ಹೇಳುವರು. ನಾನು ಒಪ್ಪುವುದಿಲ್ಲ. ಹಾಳೆ, ನೀರು, ಆಳು, ತಕ್ಕಡಿ ಈ ನಾಲ್ಕೂ ಎರಡು ಹಸುವಿನ ಒಕ್ಕಲಿಗೆ ಒಂದೇ ದಿನ ಒದಗುವುದು ದುರ್ಲಭ.

ಇದಲ್ಲದೆ ಇನ್ನೊಂದು ತೊಡಕಿದೆ. ಸಹಾಯಧನದ ಬೆಲೆಗೆ ದೊರೆಯುವ ಯೂರಿಯಾ ಹೊಲಕ್ಕೆಂದು ಮೀಸಲಾದದ್ದು. 1985ನೆಯ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಅದನ್ನು ಅಪ್ಪಣೆಯಿಲ್ಲದೆ ಅನ್ಯಕಾರ್ಯಕ್ಕೆ ಬಳಸಲಾಗದು. 2015ರಿಂದ ಅದಕ್ಕೆ ಬೇವಿನೆಣ್ಣೆಯ ಲೇಪವೂ ಕಡ್ಡಾಯವಾಗಿದೆ. ಆದುದರಿಂದ ಗೊಬ್ಬರದ ಚೀಲವನ್ನು ಕೊಟ್ಟಿಗೆಗೆ ತರುವುದು ಬೇಡ. ಇದಕ್ಕೆ ಪ್ರತಿಯಾಗಿ, ಊರಿನ ಹಾಲು ಉತ್ಪಾದಕರ ಸಹಕಾರ ಸಂಘಗಳೇ ಲೇಪವಿಲ್ಲದ ಯೂರಿಯಾವನ್ನು ಕ್ರಮವಾಗಿ ಕೊಂಡು, 4 ಕಿಲೋ ಪೊಟ್ಟಣಗಳಾಗಿ ಕಟ್ಟಿಸಿ, ಪೊಟ್ಟಣವೊಂದಕ್ಕೆ ಕ್ವಿಂಟಲ್ ಹುಲ್ಲು ಎಂಬ ಲೆಕ್ಕದಲ್ಲಿ ಸದಸ್ಯರಿಗೆ ಒದಗಿಸಬೇಕೆಂದು ನನ್ನ ಸೂಚನೆ. ಎರಡು ಹಸುಗಳು ದಿನಕ್ಕೆ 12 ಕಿಲೋ ಹುಲ್ಲು ತಿನ್ನುವುದಾದರೆ ಮೂರು ವಾರಕ್ಕೆ ಸುಮಾರು 250 ಕಿಲೋ ಬೇಕು; ಎರಡೂವರೆ ಪೊಟ್ಟಣ ಸಾಕು. ಜಮೀನ್ದಾರರು ತಮ್ಮ ಕಣದಲ್ಲಿ ಸ್ಥಳವನ್ನೂ ನೀರನ್ನೂ ಒಂದು ದೊಡ್ಡ ಹಾಳೆಯನ್ನೂ ಒದಗಿಸಿದರೆ ನಾಲ್ಕೈದು ಒಕ್ಕಲುಗಳ ಹುಲ್ಲನ್ನು ಒಂದೇ ದಿನ ಸಂಸ್ಕರಿಸಬಹುದು.

ಅಂಗಡಿಯಿಂದ ಚೀಲದ ದಾಣಿಯನ್ನು ಕೊಳ್ಳುವವರು ಮಾತ್ರ ಚೀಟಿಯ ಮೇಲಿನ ಸಸಾರಜನಕದ ಅಂಕಿಯನ್ನು ಕಂಡು ತೃಪ್ತರಾಗಕೂಡದು. ಮೇಲೆ ಹೇಳಿದ ಗುಣಾಕಾರದಲ್ಲಿ ಹಿಂಡಿಯ ಸಾರಜನಕವೂ ಯೂರಿಯಾದ ಸಾರಜನಕವೂ ಒಂದೇ ಆಗಿ ಕಾಣುವುವು. ಆ ಅಂಕಿಯಲ್ಲಿ ಯೂರಿಯಾದ ಪಾಲೆಷ್ಟೆಂದು ಮಾರುವವನನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು, ಅನಂತರ ಹಣವನ್ನು ಎಣಿಸತಕ್ಕದ್ದು.