ಮನೆಯಂಗಳದ ಸರ್ಕಸ್ಸು

ದಾವಣಗೆರೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಮಗನಿಗೆ ಬರುವ ತಿಂಗಳು ಎಂಟು ವರ್ಷ ತುಂಬುವುದಂತೆ. ಹುಟ್ಟುಹಬ್ಬದ ದಿನ ಮನೆಯಲ್ಲಿ ಸರ್ಕಸ್ಸು ಆಗಲೇಬೇಕೆಂದು ಹುಡುಗನು ಹಟ ಹಿಡಿದಿರುವನಂತೆ. ಅಂಥದನ್ನು ಗುತ್ತಿಗೆ ಹಿಡಿದು ನಡೆಯಿಸುವವರನ್ನು ವಿಚಾರಿಸಲಾಗಿ, ಅವರು ಕೇಳಿದ ಹಣವು ಯಜಮಾನರ ಅರ್ಧ ತಿಂಗಳ ಸಂಬಳಕ್ಕೆ ಸಮನಾಯಿತಂತೆ. ಈಗೇನು ಮಾಡಬೇಕೆಂಬುದು ಪ್ರಶ್ನೆ. ಇಂತಹ ಕಾಗದಗಳು ಈಚೆಗೆ ಒಂದರ ಹಿಂದೊಂದು ಬರುತ್ತಿರುವುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಾಗಿಡುವೆವು.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಮಗನ ಆಸೆಯನ್ನು ನಡೆಯಿಸಿರಿ, ಗುತ್ತಿಗೆಯವರನ್ನು ಕರೆಯಬೇಡಿರಿ. ಇದು ಕೇವಲ ಹಣದ ಉಳಿತಾಯಕ್ಕಾಗಿ ಹೇಳುವ ಮಾತಲ್ಲ. ಕೂಲಿಗೆ ಬಂದವರು ಆಟ ತೋರಿಸಿದರೆ ಇಪ್ಪತ್ತು ಮಕ್ಕಳು ಗೋಡೆಗೊರಗಿ ಕುಳಿತು ಇಬ್ಬರು ದೊಡ್ಡವರ ಆಟವನ್ನು ನೋಡುವರು. ಕುಳಿತು ನೋಡುವ ಕೆಲಸವು ಇಂದಿನ ಮಕ್ಕಳಿಗೆ ದಿನವೂ ಇದ್ದೇ ಇದೆ. ಅಂಗೈಯಗಲದ ಮೊಬೈಲಿನಲ್ಲಿ ಅವರು ಕಾಣದ ಕೌತುಕವಿಲ್ಲ. ಆ ಒಂದು ದಿನವಾದರೂ ಅವರು ನೋಡುವವರಾಗದೆ ಆಡುವವರಾಗಲಿ. ಇಪ್ಪತ್ತು ಮಕ್ಕಳು ಬಂದರೆ ಇಪ್ಪತ್ತು ಮಂದಿಯೂ ಸರ್ಕಸ್ಸಿನವರೇ. ನೋಡುವ ಕೆಲಸವು ತಾಯಿತಂದೆಗಳದು, ಅಜ್ಜ ಅಜ್ಜಿಯರದು.

ಸರ್ಕಸ್ ಎಂಬುದು ಲ್ಯಾಟಿನ್ ಭಾಷೆಯ ಮಾತು. ಬಳೆ, ವರ್ತುಲ ಎಂದು ಅದರ ಅರ್ಥವು. (ಅದು ನಮ್ಮ ಚಕ್ರ ಶಬ್ದದ ಅಪಭ್ರಂಶವೆಂದು ವಾದಿಸುವ ಉತ್ಸಾಹಿಗಳುಂಟು. ಚಕ್ರಕ್ಕೆ ಬಂಧುವಾದುದು ಗ್ರೀಕರ ಕುಕ್ಲೋಸ್ ಎಂಬ ಬೇರೆಯ ಮಾತು. ನಮ್ಮ ಬೀದಿಯ ಸೈಕಲ್ಲು ಅದರ ಸಂತಾನ. ಸೈಕಲ್ಲಿನಿಂದಲೇ ತೃಪ್ತರಾಗೋಣ.) ಇಂಗ್ಲೆಂಡಿನ ದಂಡಿನಲ್ಲಿ ರಾವುತನಾಗಿದ್ದ ಫಿಲಿಪ್ ಆಸ್ಟ್ಲಿ ಎಂಬವನು 1768ರಲ್ಲಿ ಲಂಡನಿನಲ್ಲಿ ದುಂಡಗಿನ ಕಣದಲ್ಲಿ ಕುದುರೆಯಾಟವನ್ನು ತೋರಿಸತೊಡಗಿದನು. ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವುದು ಸುಲಭವಲ್ಲ. ಆದರೆ ಕುದುರೆಯು ವರ್ತುಲದಲ್ಲಿ ಓಡುವಾಗ ಸವಾರನು ಒಳಕ್ಕೆ ವಾಲಿ ನಿಂತರೆ, ಹೊರಕ್ಕೆ ತಳ್ಳಿದಂತಾಗುವ ಸೆಳೆತವೇ ಅವನನ್ನು ಬೀಳದಂತೆ ಹಿಡಿಯುವುದು. ಆ ಕಣದ ಅಡ್ಡಳತೆಯು ಮುಂದೆ 42 ಅಡಿಯೆಂದು ನಿಂತಿತು. ನಮ್ಮ ದೇಶದಲ್ಲಿ ಕುದುರೆ ಪಳಗಿಸುವುದರಲ್ಲಿ ನಿಪುಣರಾದ ವಿಷ್ಣುಪಂತ ಛತ್ರೆಯವರು 1880ರಲ್ಲಿ ಮುಂಬಯಿಯಲ್ಲಿ ಸ್ವದೇಶೀಯರ ಮೊದಲ ಸರ್ಕಸ್ಸನ್ನು ಆಡಿಸಿದರು. ಬಳಿಕ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮಗುರುಗಳು ಕಲಿಸಿದ ಶಿಷ್ಯರು ದೇಶದ ಡೇರೆಗಳನ್ನೆಲ್ಲ ತುಂಬಿದರು. ಕನ್ನಡನಾಡಿಗೆ ಈ ರುಚಿ ಹೊಸದಾಗಿರಲಿಲ್ಲ. ದೊಂಬರ ಹಗ್ಗದ ನಡಿಗೆಯನ್ನು ಕಾಣದ ಜಾತ್ರೆ ಯಾವುದಿತ್ತು? ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಐದು ಭಾಗಗಳಲ್ಲಿ ಒಂದಿಡೀ ಭಾಗವು ವಿನೋದಗಳಿಗೇ ಮೀಸಲು.

ಇನ್ನು ಮನೆಯ ಸರ್ಕಸ್ಸಿಗೆ ಬರುವೆವು. ಮೊದಲು ಬೇಕಾದುದು ಕಣ. 42 ಅಡಿ ನಮಗೆ ಬೇಡ. 12 ಅಡಿ ಸಾಕು. ಅಂಗಳದ ನಡುವೆ ಒಂದು ಗೂಟವನ್ನು ನೆಟ್ಟು, ಅದಕ್ಕೆ ಆರು ಅಡಿಯ ಹುರಿಯನ್ನು ಕಟ್ಟಿ, ಅದರ ತುದಿಯನ್ನು ಹಿಡಿದು ಸುತ್ತಲೂ ರಂಗೋಲಿ ಪುಡಿಯನ್ನು ಬಿಡುತ್ತ ಬಂದರೆ ಕಣ ಸಿದ್ಧವಾಯಿತು. ಈ ಕೆಲಸವನ್ನು ಹುಡುಗನ ಕೈಯಿಂದಲೇ ಮಾಡಿಸಿರಿ. ಪಾಠಶಾಲೆಯಲ್ಲಿ ಕೈವಾರ ಹಿಡಿದು ವರ್ಷವೆಲ್ಲ ಕಲಿತರೂ ಅಂಟದ ತ್ರಿಜ್ಯವೆಂಬ ಮಾತು ಇಲ್ಲಿ ಒಂದು ಗಳಿಗೆಯಲ್ಲಿ ಅಂಟುವುದು. ಗೂಟವನ್ನು ಆಮೇಲೆ ಕಿತ್ತುಹಾಕಲು ಮರೆಯಬಾರದು. ಅಂಗಳವಿಲ್ಲದವರು ನಡುಮನೆಯ ಕುರ್ಚಿ ಮೇಜುಗಳನ್ನು ಸರಿಸಿ ಸೀಮೆಸುಣ್ಣದಿಂದ ಗೆರೆ ಎಳೆದರಾಯಿತು. ಮಹಡಿಯ ಮೇಲಿನ ಬಯಲು ಮಾತ್ರ ಬೇಡ; ಕೈಪಿಡಿಗೋಡೆ ಎಷ್ಟೇ ಎತ್ತರವಿರಲಿ, ಉತ್ಸಾಹದಲ್ಲಿರುವ ಇಪ್ಪತ್ತು ಮಕ್ಕಳನ್ನು ಅಲ್ಲಿ ಕಾಯುವುದು ಆಗದ ಕೆಲಸವು.

ಡೇರೆಯಿಲ್ಲದೆ ಸರ್ಕಸ್ಸು ಹೇಗೆಂದು ಮಕ್ಕಳು ಕೇಳುವರು. ಇಲ್ಲಿ ನಾವು ತುಸು ನಿಷ್ಠುರರಾಗಿಯೇ ಹೇಳಬೇಕಾಗಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಆ ಸುದ್ದಿಯನ್ನು ಅಂದು ಓದಿದವರು ಮರೆತಿರಲಾರರು. ಮನೆಯ ಡೇರೆ ಚಿಕ್ಕದಾದರೂ ಬಟ್ಟೆ ಬಟ್ಟೆಯೇ, ಬೆಂಕಿ ಬೆಂಕಿಯೇ. ಆದುದರಿಂದ ಮೇಲೆ ಮುಚ್ಚಿಗೆ ಬೇಡ. ಅಂಗಳದ ಒಂದು ಪಕ್ಕಕ್ಕೆ ಮಾತ್ರ ಹಳೆಯ ನೂಲಿನ ಸೀರೆಗಳನ್ನು ಕೆಂಪು, ಹಳದಿ, ಕೆಂಪು, ಹಳದಿ ಎಂದು ಸಾಲಾಗಿ ಇಳಿಬಿಟ್ಟರೆ ಮಕ್ಕಳ ಕಣ್ಣಿಗೆ ಅದೇ ಡೇರೆ. ಉಳಿದ ಮೂರು ಪಕ್ಕಗಳು ತೆರೆದಿರಲಿ. ಆರತಿಯನ್ನು ಮೊದಲೇ ದೇವರ ಮನೆಯಲ್ಲಿ ಮುಗಿಸಿರಿ. ಕಣದ ಹತ್ತಿರ ದೀಪವಾಗಲಿ ಮೇಣದ ಬತ್ತಿಯಾಗಲಿ ಸುಳಿಯಕೂಡದು. ಜಾತ್ರೆಗಳಲ್ಲಿ ಮಾರುವ, ಮೇಲಕ್ಕೆ ಹಾರುವ ಬಲೂನುಗಳಲ್ಲಿ ಅನೇಕ ವೇಳೆ ತುಂಬಿರುವುದು ಜಲಜನಕ. ಅದು ಕಿಡಿ ತಾಕಿದರೆ ಭಗ್ಗೆನ್ನುವ ಅನಿಲ. ಅವನ್ನು ಕೊಳ್ಳಬೇಡಿರಿ. ಬಾಯಿಂದ ಊದಿದ ಬಲೂನು ನೆಲದ ಮೇಲೆ ಹೊರಳಿದರೂ ಮಕ್ಕಳಿಗೆ ಅಷ್ಟೇ ಸಂತೋಷವು.

ಆಟಗಳ ವಿಷಯದಲ್ಲಿ ನಮ್ಮ ನಿಯಮ ಒಂದೇ: ಮಗುವಿನ ಪಾದವು ತನ್ನ ಮೊಣಕಾಲಿನ ಎತ್ತರವನ್ನು ಮೀರಬಾರದು. ಜೋಕಾಲಿಯಿಂದ ಜೋಕಾಲಿಗೆ ಹಾರುವುದು, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವುದು ಇಲ್ಲಿಗೇ ಮುಗಿಯಿತು. ಉಳಿದುದರಲ್ಲಿಯೇ ಬೇಕಾದಷ್ಟು ಇದೆ. ಹಗ್ಗದ ಮೇಲಿನ ನಡಿಗೆಯನ್ನು ನೋಡಿರಿ. ದಪ್ಪ ಹಗ್ಗವೊಂದನ್ನು ನೆಲದ ಮೇಲೆ ನೇರವಾಗಿ ಹಾಸಿ, ಕೈಗೆ ಉದ್ದನೆಯ ಬಿದಿರುಗಳುವೊಂದನ್ನು ಅಡ್ಡವಾಗಿ ಕೊಟ್ಟು ನಡೆಯಿಸಿದರೆ, ಬೀಳುವ ಭಯವಿಲ್ಲದಿದ್ದರೂ ಮಗುವಿನ ಮುಖದ ಮೇಲೆ ದೊಂಬರವನ ಗಾಂಭೀರ್ಯವೇ ಬರುವುದು. ಗಳುವಿನಿಂದ ಏನು ಪ್ರಯೋಜನವೆಂದು ಕೇಳುವ ಮಗುವಿಗೆ, ಒಮ್ಮೆ ಗಳುವಿನೊಡನೆ, ಒಮ್ಮೆ ಬರಿಗೈಯಲ್ಲಿ ನಡೆದು ನೋಡೆನ್ನಿರಿ. ಉದ್ದನೆಯ ಗಳುವು ಬೇಗನೆ ತಿರುಗದು. ಮೈ ವಾಲುವುದೂ ಅದರಿಂದ ನಿಧಾನವಾಗಿ, ಸರಿಪಡಿಸಿಕೊಳ್ಳಲು ಹೊತ್ತು ಸಿಕ್ಕುವುದು.

ಚೆಂಡುಗಳನ್ನು ಚಿಮ್ಮಿ ಹಿಡಿಯುವ ಆಟವು ಚೆಂಡಿನಿಂದ ಆರಂಭವಾಗಬಾರದು. ತೆಳುವಾದ ಕರವಸ್ತ್ರಗಳನ್ನು ಮೇಲಕ್ಕೆಸೆದರೆ ಅವು ಮೆಲ್ಲಗೆ ಇಳಿಯುತ್ತವೆ. ಎರಡು ಕರವಸ್ತ್ರಗಳಿಂದ ಕೈ ಪಳಗಿದ ಮೇಲೆ ಮೂರು, ಆಮೇಲೆ ಬಟ್ಟೆಯ ಚೀಲದಲ್ಲಿ ರಾಗಿಯನ್ನು ತುಂಬಿ ಹೊಲಿದ ಉಂಡೆಗಳು. ಇವು ಬಿದ್ದಲ್ಲಿಯೇ ಇರುತ್ತವೆ, ಉರುಳಿ ಚರಂಡಿ ಸೇರುವುದಿಲ್ಲ. ಈ ಆಟದಲ್ಲಿ ಅಜ್ಜಿಯರನ್ನು ಹಗುರವಾಗಿ ಎಣಿಸಕೂಡದು. ಚಿಕ್ಕಂದಿನಲ್ಲಿ ಐದು ಕಲ್ಲಿನಾಟ ಆಡಿದ ಕೈ ಎಪ್ಪತ್ತರಲ್ಲಿಯೂ ತಪ್ಪುವುದಿಲ್ಲವೆಂಬುದನ್ನು ನಾವು ಕಣ್ಣಾರೆ ಕಂಡಿರುವೆವು. ಮರಗಾಲಿಗೆ ಬದಲಾಗಿ ತೆಂಗಿನ ಕರಟಗಳು: ಗಟ್ಟಿಯಾದ ಎರಡು ಅರೆಕರಟಗಳ ಕಣ್ಣಿಗೆ ಹುರಿ ಪೋಣಿಸಿ, ಬೋರಲಾಗಿಟ್ಟು, ಮೇಲೆ ನಿಂತು, ಕಾಲ್ಬೆರಳ ಸಂದಿನಲ್ಲಿ ಹುರಿಯನ್ನು ಸಿಕ್ಕಿಸಿ ಕೈಯಿಂದ ಎಳೆದು ಹಿಡಿದು ನಡೆಯುವುದು. ಟಕ ಟಕ ಎಂಬ ಸದ್ದಿಗೆ ಕುದುರೆಯೂ ಬಂದಂತಾಯಿತು. ಇನ್ನು ಜಟ್ಟಿಯು ಬೇಕೇ ಬೇಕು. ಕೋಲಿನ ಎರಡು ತುದಿಗೆ ಕಪ್ಪು ಕಾಗದ ಸುತ್ತಿದ ಬಲೂನುಗಳನ್ನು ಕಟ್ಟಿ '100 ಮಣ' ಎಂದು ಬರೆದಿಟ್ಟರೆ, ಅದನ್ನು ಮುಕ್ಕಿರಿದು ಎತ್ತುವ ಹುಡುಗನ ಹಿಂದೆಯೇ ನಾಲ್ಕು ವರ್ಷದ ತಂಗಿ ಬಂದು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಲಿ. ಸಿಂಹವು ಬೆಂಕಿಯ ಬಳೆಯಲ್ಲಿ ನುಗ್ಗುವುದೆಂದರೆ, ಬಿದಿರಿನ ಬಳೆಗೆ ಕೆಂಪು ಹಳದಿ ಕಾಗದದ ಪಟ್ಟಿಗಳನ್ನು ತೂಗುಬಿಟ್ಟು, ಕೇಸರ ಕಟ್ಟಿಕೊಂಡ ಮಗು ತೂರಿಬರುವುದು. ವಾದ್ಯಮೇಳಕ್ಕೆ ಅಡಿಗೆಮನೆಯ ತಟ್ಟೆ, ಹಳೆಯ ಡಬ್ಬ, ಎರಡು ಪೀಪಿ ಧಾರಾಳವಾಯಿತು. ಮೂರನೆಯ ಪೀಪಿಯನ್ನು ನೆರೆಯವರು ಸಹಿಸಲಾರರು.

ಈಗ ಬಫೂನನ ವಿಚಾರ. ಈ ಲೇಖನವನ್ನು ನಾವು ಬರೆಯತೊಡಗಿದುದೇ ಇದರ ಸಲುವಾಗಿ ಎಂದರೂ ಸಲ್ಲುವುದು. ಕೆಲವು ತಿಂಗಳ ಹಿಂದೆ ಪರಿಚಿತರೊಬ್ಬರ ಮನೆಯ ಸಮಾರಂಭಕ್ಕೆ ಹೋಗಿದ್ದೆವು. ಕೂಲಿಗೆ ಬಂದ ಬಫೂನನು ಮಕ್ಕಳ ಗುಂಪಿನಿಂದ ಮೈತುಂಬಿದ ಒಬ್ಬ ಹುಡುಗನನ್ನು ನಡುವಿಗೆ ಎಳೆದು ನಿಲ್ಲಿಸಿ, ಅವನ ಹೊಟ್ಟೆಯನ್ನು ನಗಾರಿಯಂತೆ ತಟ್ಟಿ, ಇವನಿಗೆ ಎರಡು ಎಲೆ ಹಾಕಿಸಿರೆಂದು ಕೂಗಿದನು. ಮಕ್ಕಳು ನಕ್ಕರು, ದೊಡ್ಡವರೂ ನಕ್ಕರು. ಹುಡುಗನೂ ನಕ್ಕನು, ಅಳುವುದಕ್ಕಿಂತ ಅದು ವಾಸಿಯೆಂದು. ಆಮೇಲೆ ಊಟಕ್ಕೆ ಕರೆದಾಗ ಅವನು ಹಸಿವಿಲ್ಲವೆಂದು ಹೇಳಿ ಮೆಟ್ಟಿಲ ಮೇಲೆ ಕುಳಿತಿದ್ದನು. ಅವನ ಪಾಲಿನ ಹೋಳಿಗೆಯನ್ನು ನಾವೇ ಒಯ್ದು ಪಕ್ಕದಲ್ಲಿ ಕುಳಿತೆವು, ಅವನು ಮುಟ್ಟಲಿಲ್ಲ. ಆ ಬಫೂನನಿಗೆ ಮಕ್ಕಳ ಮೇಲೆ ದ್ವೇಷವೇನೂ ಇರಲಿಲ್ಲ. ನಗೆಯನ್ನು ಎಲ್ಲಿಂದ ತರಬೇಕೆಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಪ್ರಾಚೀನರು ಅದನ್ನು ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರವು ವಿದೂಷಕನನ್ನು ಕುಳ್ಳನೆಂದೂ, ಉಬ್ಬುಹಲ್ಲಿನವನೆಂದೂ, ಗೂನನೆಂದೂ, ಬೋಳುತಲೆಯವನೆಂದೂ ವರ್ಣಿಸುವುದು. ಅಂದರೆ ನಗೆಗೆ ಬೇಕಾದ ಸಾಮಗ್ರಿಯನ್ನೆಲ್ಲ ಅವನು ತನ್ನ ಮೈಮೇಲೆಯೇ ಹೊತ್ತು ತರುವನು. ಸಭೆಯಲ್ಲಿ ಕುಳಿತವರಿಂದ ಕಡ ತೆಗೆದುಕೊಳ್ಳುವುದಿಲ್ಲ. ಶೂದ್ರಕನ ಮೃಚ್ಛಕಟಿಕದ ಮೈತ್ರೇಯನು ಹೊಟ್ಟೆಬಾಕ, ಅಂಜುಬುರುಕ; ಆದರೂ ಚಾರುದತ್ತನು ಬಡವನಾದಾಗ ಅವನನ್ನು ಬಿಟ್ಟುಹೋಗದ ಗೆಳೆಯನು. ನಮ್ಮ ಯಕ್ಷಗಾನದ ಪೂರ್ವರಂಗದಲ್ಲಿ ಮೊದಲು ಕುಣಿಯುವ ಕೋಡಂಗಿಗಳು ಹೊಸದಾಗಿ ಕಲಿಯುತ್ತಿರುವ ಎಳೆಯ ಹುಡುಗರು. ಹೆಜ್ಜೆ ತಪ್ಪಿದರೂ ಸಲ್ಲುವ ಸ್ಥಾನವದು; ಮುಂದೆ ದೊಡ್ಡ ವೇಷಗಳನ್ನು ಕಟ್ಟುವವರು ಅಲ್ಲಿಂದಲೇ ಏಳುವರು. ಆದುದರಿಂದ ಬಫೂನನನ್ನು ಮನೆಯವರಲ್ಲಿಯೇ ಆರಿಸಿರಿ. ಸೋದರಮಾವನಿದ್ದರೆ ಅವನೇ ಯೋಗ್ಯನು. ಬೀಟ್‌ರೂಟಿನ ರಸದಿಂದ ಅವನ ಮೂಗನ್ನು ಕೆಂಪು ಮಾಡಿ, ಅಪ್ಪನ ಷರಾಯಿಯನ್ನು ತೊಡಿಸಿ, ಎಲ್ಲ ಆಟಗಳಲ್ಲಿಯೂ ಸೋಲುವುದೇ ಅವನ ಕೆಲಸವೆಂದು ಹೇಳಿಡಿರಿ. ನೆಲಕ್ಕೆ ಹಾಸಿದ ಹಗ್ಗದಿಂದಲೂ ಅವನು ಬೀಳಲಿ. ಅವನು ಬಿದ್ದುದನ್ನು ಕಂಡ ಮೇಲೆ ಬೀಳಲು ನಾಚುವ ಮಗು ಯಾವುದೂ ಉಳಿಯುವುದಿಲ್ಲ.

ಆದರೂ ಎಷ್ಟು ಕರೆದರೂ ಕಣಕ್ಕೆ ಇಳಿಯದ ಒಂದು ಮಗು ಪ್ರತಿಯೊಂದು ಗುಂಪಿನಲ್ಲಿಯೂ ಇದ್ದೇ ಇರುವುದು. ಮೂವತ್ತು ವರ್ಷ ತರಗತಿಗಳ ಮುಂದೆ ನಿಂತ ನಮಗೆ ಆ ಮುಖವು ಚೆನ್ನಾಗಿ ಗೊತ್ತು. ಅದನ್ನು ಎಳೆಯಬೇಡಿರಿ, ಅದರೆದುರಿಗೆ ತಾಯಿಯೊಡನೆ ಅದರ ನಾಚಿಕೆಯ ಮಾತನ್ನೂ ಆಡಬೇಡಿರಿ. ಒಂದು ಅಧಿಕಾರವನ್ನು ಕೊಡಿರಿ. ಟಿಕೀಟು ಹರಿಯುವವರು, ಸೀರೆಯ ತೆರೆಯನ್ನು ಸರಿಸುವವರು, ಸೀಟಿ ಊದಿ ಆಟ ಬದಲಿಸುವವರು ಯಾವ ಸರ್ಕಸ್ಸಿನಲ್ಲಿಯೂ ಜಟ್ಟಿಗಿಂತ ಕಡಮೆಯವರಲ್ಲ. ಸೀಟಿಯಿದ್ದವನ ಮಾತನ್ನು ಸಿಂಹವೂ ಕೇಳಬೇಕಷ್ಟೆ.

ಕೋತಿಯಾಡಿಸುವವನನ್ನು ಕರೆಯಿಸಿದರೆ ಹೇಗೆಂದು ಕೆಲವರು ಕೇಳುವುದುಂಟು. ನಾವು ಬಾಲ್ಯದಲ್ಲಿ ಕಂಡ ಸರ್ಕಸ್ಸುಗಳಲ್ಲಿ ಹುಲಿ ಸಿಂಹಗಳಿದ್ದುವು, ನಿಜ. ಆದರೆ ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಪಳಗಿಸಿ ಆಟಕ್ಕೆ ಹಚ್ಚುವುದನ್ನು ಕೇಂದ್ರ ಸರ್ಕಾರವು 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸಕೂಡದೆಂದು ಅದೇ ನ್ಯಾಯಾಲಯವು 2011ರಲ್ಲಿ ಆಜ್ಞೆ ಮಾಡಿತು. ನಮ್ಮ ಅಂಗಳದ ಮಕ್ಕಳು ಆಟಕ್ಕಾಗಿ ಮಾಡುವುದನ್ನೇ ಹೊಟ್ಟೆಪಾಡಿಗಾಗಿ, ಪೆಟ್ಟಿನ ಭಯದಿಂದ ಮಾಡಿದ ಮಕ್ಕಳು ಎಷ್ಟೋ ಮಂದಿ ಇದ್ದರು. ಹುಲಿ ಬೇಕಾದರೆ ಮಂಗಳೂರಿನ ಕಡೆಯ ಹುಲಿವೇಷವನ್ನು ನೆನೆದು ಮಗುವಿನ ಕೆನ್ನೆಗೆ ಅರಿಸಿನದ ಪಟ್ಟೆಗಳನ್ನು ಎಳೆಯಿರಿ; ಕಣ್ಣಿನ ಸುತ್ತ ಏನನ್ನೂ ಹಚ್ಚಬೇಡಿರಿ.

ತಿಂಡಿಯ ವಿಷಯವು ಚಿಕ್ಕದು. ಚುರುಮುರಿಯನ್ನು ಕಾಗದದ ಪೊಟ್ಟಣದಲ್ಲಿ ಕೊಟ್ಟರೆ ಜಾತ್ರೆಯ ರುಚಿ ತಾನಾಗಿ ಬರುವುದು, ಕುಡಿಯಲು ಪಾನಕ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜವನ್ನೂ ಅರಳಿಸಿದ ಮೆಕ್ಕೆಜೋಳವನ್ನೂ ಕೊಡಬಾರದು. ನಗುತ್ತ ಓಡುತ್ತ ತಿಂದಾಗ ಅವು ಗಂಟಲಿನಲ್ಲಿ ತಪ್ಪುದಾರಿ ಹಿಡಿಯುವುವು. ಬೊಂಬಾಯಿ ಮಿಠಾಯಿ ಬೇಕೇ ಬೇಕೆಂದರೆ ಬೆಳ್ಳಗಿರುವುದನ್ನು ತನ್ನಿರಿ. ಅದಕ್ಕೆ ಕೃತಕ ಬಣ್ಣವನ್ನು ಬೆರೆಸಕೂಡದೆಂದು ಕರ್ನಾಟಕ ಸರ್ಕಾರವು 2024ರ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿತು.

ಆಟವೆಲ್ಲ ಒಂದೂವರೆ ಗಂಟೆಯೊಳಗೆ ಮುಗಿಯಲಿ. ಅದಕ್ಕೆ ಮೀರಿದರೆ ಯಾರಾದರೊಬ್ಬರು ಅಳುವುದು ನಿಶ್ಚಯ. ಕೊನೆಯ ಆಟವಾಗಿ ಡೇರೆ ಕೀಳುವುದನ್ನು ಇಟ್ಟುಕೊಳ್ಳಿರಿ. ಸರ್ಕಸ್ಸಿನವರು ರಾತ್ರೋರಾತ್ರಿ ಡೇರೆ ಕಿತ್ತು ಮುಂದಿನ ಊರಿಗೆ ಹೊರಡುವುದನ್ನು ಮಕ್ಕಳಿಗೆ ಹೇಳಿದರೆ, ಸೀರೆಗಳನ್ನು ಮಡಿಸಲು, ತಟ್ಟೆಗಳನ್ನು ಒಳಗಿಡಲು ತಾವು ತಾವೆಂದು ಮುಂದೆ ಬರುವರು. ಒಡೆದ ಬಲೂನಿನ ಚೂರುಗಳನ್ನು ಮಾತ್ರ ದೊಡ್ಡವರೇ ಎಣಿಸಿ ಆಯಬೇಕು. ತೆವಳುವ ಕೂಸು ಮನೆಯಲ್ಲಿದ್ದರೆ ಅದರ ಕೈಗೂ, ಬೀದಿಯಲ್ಲಿ ದನವಿದ್ದರೆ ಅದರ ಬಾಯಿಗೂ ಒಂದೂ ಸಿಕ್ಕದಂತೆ.