ಗಡ್ಡೆಯ ಗಾತ್ರವೇ ತೀರ್ಪಲ್ಲ
ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಲಿವರ್ ಕ್ಯಾನ್ಸರ್ ರೋಗಿಯನ್ನು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕರೆದೊಯ್ಯುವ ಮನೆಯವರು ಸ್ಕ್ಯಾನ್ ವರದಿಯಲ್ಲಿ ಮೊದಲು ಹುಡುಕುವುದು ಗಡ್ಡೆಯ ಸೆಂಟಿಮೀಟರ್. ಅಳತೆ ಇಳಿಯದಿದ್ದರೆ ‘ಔಷಧ ಹತ್ತಲಿಲ್ಲ’ ಎಂಬ ತೀರ್ಪು ಮನೆಯಲ್ಲೇ ಆಗಿಬಿಡುತ್ತದೆ. ಅವಸರ ಬೇಡ; ಕಾರಣ ರಕ್ತ ಪೂರೈಕೆಯಲ್ಲಿದೆ. ಆರೋಗ್ಯವಂತ ಲಿವರಿಗೆ ಹೆಚ್ಚಿನ ರಕ್ತ ಬರುವುದು ಪೋರ್ಟಲ್ ರಕ್ತನಾಳದಿಂದ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆ ಮಾತ್ರ ಬಹುಪಾಲು ಅಪಧಮನಿಯನ್ನು ನೆಚ್ಚಿಕೊಂಡಿರುತ್ತದೆ. ಆ ಅಪಧಮನಿಗೇ ಔಷಧ ಹರಿಸಿ, ದಾರಿ ಮುಚ್ಚುವ ಚಿಕಿತ್ಸೆಗೆ ‘ಟೇಸ್’ ಎನ್ನುತ್ತಾರೆ. ಬಳಿಕ ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟು ತೆಗೆದ ಸಿಟಿ ಅಥವಾ ಎಂಆರ್‌ಐ ಚಿತ್ರದಲ್ಲಿ ಗಡ್ಡೆ ರಕ್ತ ಹೀರಿ ಹೊಳೆಯುವುದು ನಿಂತಿದ್ದರೆ, ಗಾತ್ರ ಅಷ್ಟೇ ಇದ್ದರೂ ಅದು ಒಳ್ಳೆಯ ಸೂಚನೆ. 2010ರಲ್ಲಿ ಬಂದ ಎಂ-ರೆಸಿಸ್ಟ್ ಮಾನದಂಡ ಅಳೆಯುವುದು ಈ ಹೊಳೆಯುವ ಭಾಗವನ್ನೇ. ಚಿಕಿತ್ಸೆಗೆ ಮುಂಚಿನ ಚಿತ್ರದಿಂದಲೇ ಫಲಿತಾಂಶ ಊಹಿಸುವ ಕಂಪ್ಯೂಟರ್ ವಿದ್ಯೆ ರೇಡಿಯೋಮಿಕ್ಸ್ ಬಹುತೇಕ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಜಾಹೀರಾತು ನಂಬಿ ಹಣ ಸುರಿಯುವಂಥದ್ದಲ್ಲ. ಆದರೂ ಚಿಕಿತ್ಸೆಗೆ ಮುಂಚಿನ ಚಿತ್ರ ಬೇಕೇ ಬೇಕು; ಅದಿಲ್ಲದೆ ಹೊಸದನ್ನು ವೈದ್ಯರು ಹೋಲಿಸುವುದಾದರೂ ಹೇಗೆ? ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿಸಿದರೆ ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ, ದೊಡ್ಡಾಸ್ಪತ್ರೆಗೆ ಹೊರಡುವಾಗ ಮರೆಯದೆ ಒಯ್ಯಿರಿ.