ಪ್ರಯೋಗಶಾಲೆಯಿಂದ ಪಾಠಶಾಲೆಗೆ

ಸಂಶೋಧನೆಯನ್ನು ಬಿಟ್ಟು ಬೋಧನೆಗೆ ಬಂದವರನ್ನು ಕಂಡರೆ, ‘ಪಾಪ, ಅಲ್ಲಿ ನಿಲ್ಲಲಾರದೆ ಇಲ್ಲಿಗೆ ಬಂದರು’ ಎಂದು ನಮ್ಮಲ್ಲಿ ಮರುಗುವವರುಂಟು. ಈ ಮರುಕ ಸಲ್ಲದೆಂಬುದೇ ನನ್ನ ಅಭಿಮತ. ಕಲಾವಿಭಾಗದವನಿಗೆ ವಿಜ್ಞಾನಿಗಳ ಗೊಡವೆ ಏಕೆಂದು ಸಹಪಾಠಿಗಳು ನಗಬಹುದು. ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ಡಾ. ಎಚ್. ನರಸಿಂಹಯ್ಯನವರನ್ನೇ ನೋಡೋಣ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯೊಂದರಲ್ಲಿ 1920ರಲ್ಲಿ ಹುಟ್ಟಿದ ಅವರು, ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದವರು. ಅಮೆರಿಕೆಯ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರವನ್ನು ಅಭ್ಯಸಿಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಂಥ ಪದವೀಧರರಿಗೆ ಸಂಶೋಧನೆಯ ದಾರಿ ತೆರೆದೇ ಇತ್ತು. ಆದರೂ ಅವರು ತಾವು ಮೊದಲು ಉಪನ್ಯಾಸಕರಾಗಿದ್ದ ನ್ಯಾಷನಲ್ ಕಾಲೇಜಿಗೇ ಹಿಂದಿರುಗಿ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಿಜ್ಞಾನಿಗಳ ಮಾತು ಸಾಮಾನ್ಯರ ಕಿವಿಗೂ ಬೀಳುವಂತೆ ಮಾಡಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದು ಸಮಿತಿಯನ್ನೇ ರಚಿಸಿದರು.

ಇದರಲ್ಲಿ ಪ್ರಯೋಗಶಾಲೆಯನ್ನು ಬಿಟ್ಟದ್ದೆಲ್ಲಿ? ಪ್ರಶ್ನಿಸು, ಅಳೆ, ತಪ್ಪಿದರೆ ಒಪ್ಪಿಕೊ ಎಂಬುದಲ್ಲವೇ ಅಲ್ಲಿಯ ಪಾಠ? ಆ ಪಾಠವನ್ನು ಅವರು ಊರಿನ ನಡುವೆ ತಂದಿಟ್ಟರು.

ಎಲ್ಲರೂ ಹೀಗೆ ಬಂದುಬಿಟ್ಟರೆ ಹೊಸ ಜ್ಞಾನವನ್ನು ಹುಡುಕುವವರು ಯಾರು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಎಲ್ಲರೂ ಬರಬೇಕೆಂದು ನಾನು ಹೇಳುತ್ತಿಲ್ಲ. ಬಂದವರು ಕೆಳಗಿಳಿದರೆಂದು ಭಾವಿಸಬಾರದು, ಇಷ್ಟೇ. ನಾಳೆಯ ಸಂಶೋಧಕನೂ ಇಂದು ಯಾವುದೋ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುವವನೇ. ಅವನನ್ನು ಗುರುತಿಸಿ ದಾರಿ ತೋರುವವರು ಬೇಡವೇ?

ಇನ್ನು ನನ್ನ ಕಾರಣ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಬಿ.ಎ. ಮುಗಿದ ಮೇಲೆ ಮುಂದೇನು ಎಂದರೆ ಅಪ್ಪ ನನ್ನ ಮುಖ ನೋಡುತ್ತಾರೆ. ನಾನು ಕಾಲೇಜಿನ ನೋಟೀಸು ಬೋರ್ಡನ್ನು ನೋಡುತ್ತೇನೆ. ಅಲ್ಲಿ ಅರ್ಜಿಯ ಕೊನೆಯ ದಿನಾಂಕವಿರುತ್ತದೆ. ಯಾವ ಅರ್ಜಿ ಯಾರಿಗೆ ತಕ್ಕದ್ದೆಂಬ ಮಾತಿರುವುದಿಲ್ಲ. ನನ್ನಂಥವರು ಈ ಕಾಲೇಜಿನಲ್ಲಿ ಇನ್ನೂ ಅನೇಕರಿದ್ದಾರೆ.

ಆದುದರಿಂದ ನಮ್ಮ ಗುರುವೃಂದದಲ್ಲಿ ನನ್ನದೊಂದು ಬಿನ್ನಹ: ವಾರಕ್ಕೊಂದು ಗಂಟೆ ನಮ್ಮ ಮುಂದಿನ ದಾರಿಯ ವಿಚಾರಕ್ಕೆ ಮೀಸಲಾಗಲಿ. ಅದನ್ನು ಬಿಡುವಿದ್ದವರ ತಲೆಗೆ ಕಟ್ಟದೆ, ತಮ್ಮಲ್ಲಿ ಹೆಚ್ಚು ಓದಿದವರೇ, ಹೆಚ್ಚು ಕಂಡವರೇ ವಹಿಸಿಕೊಳ್ಳಲಿ. ಈ ವರ್ಷ ಹೊರಟುಹೋಗುವ ನನಗೆ ಅದು ದಕ್ಕಲಾರದು. ನನ್ನ ತರುವಾಯ ಬರುವವರಿಗಾದರೂ ದಕ್ಕಲಿ.